ಸ್ವಚ್ಛತೆಯ ಗುತ್ತಿಗೆಯಲ್ಲಿ ಬರೆಯದೆ ಬಿಡುವ ನಿಮಿಷಗಳು

ವೃತ್ತಿಪರ ಸ್ವಚ್ಛತೆಯ ಕ್ಷೇತ್ರದಲ್ಲಿ ಬಹುಕಾಲದಿಂದ ಮೇಲ್ವಿಚಾರಕನಾಗಿರುವ ನನಗೆ, ಈ ಉದ್ಯಮದ ಬಹುತೇಕ ತೊಂದರೆಗಳು ಒಂದೇ ಬೇರಿನಿಂದ ಹುಟ್ಟುತ್ತವೆ ಎಂಬುದು ಮನವರಿಕೆಯಾಗಿದೆ. ಕೆಲಸಕ್ಕೆ ಬೇಕಾದ ಸಮಯವನ್ನು ಗುತ್ತಿಗೆಯ ಹಂತದಲ್ಲೇ ಕತ್ತರಿಸಲಾಗುತ್ತದೆ. ಒಳ್ಳೆಯ ಯಂತ್ರಗಳು ಬಂದಿವೆ, ಮೈಕ್ರೋಫೈಬರ್ ಬಟ್ಟೆಗಳು ಬಂದಿವೆ, ತರಬೇತಿಯೂ ಸಿಗುತ್ತದೆ. ಆದರೆ ನಾನು ನೋಡಿದ ಗುತ್ತಿಗೆಗಳಲ್ಲಿ ಪ್ರತಿ ನವೀಕರಣದಲ್ಲೂ ಒಬ್ಬ ಕೆಲಸಗಾರರ ಪಾಲಿಗೆ ಬೀಳುವ ನೆಲದ ವಿಸ್ತೀರ್ಣ ಹೆಚ್ಚುತ್ತಲೇ ಹೋಗಿದೆ.

ಜರ್ಮನಿಯ ಹೆರ್ಬರ್ಟ್ ಸಿನ್ನರ್ 1959ರಲ್ಲಿ ಮುಂದಿಟ್ಟ ಸೂತ್ರವೊಂದನ್ನು ನಮ್ಮ ತರಬೇತಿಗಳಲ್ಲಿ ಇಂದಿಗೂ ಕಲಿಸುತ್ತೇವೆ. ರಾಸಾಯನಿಕ, ತಿಕ್ಕುವ ಬಲ, ತಾಪಮಾನ ಮತ್ತು ಸಮಯ ಈ ನಾಲ್ಕೂ ಸೇರಿದಾಗ ಕೊಳೆ ಹೋಗುತ್ತದೆ. ಒಂದನ್ನು ಇಳಿಸಿದರೆ ಉಳಿದವುಗಳನ್ನು ಏರಿಸಲೇಬೇಕು. ಬಕೆಟ್ಟಿನ ನೀರಿನ ಬಿಸಿಯನ್ನು ಹೆಚ್ಚಿಸುವುದು ಸಾಮಾನ್ಯವಾಗಿ ಕೆಲಸಗಾರರ ಕೈಯಲ್ಲಿರುವುದಿಲ್ಲ. ಹಾಗಾಗಿ ಸಮಯ ಕಡಿತಗೊಂಡ ಕಡೆ ಆ ಕೊರತೆಯನ್ನು ತುಂಬುವುದು ಗಾಢವಾದ ರಾಸಾಯನಿಕ, ಇಲ್ಲವೇ ಅವರ ಭುಜ ಮತ್ತು ಸೊಂಟ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸೋಂಕುನಿವಾರಕದ ಬಳಕೆಯಲ್ಲಿ. ಹೊಸಬರು ಕೆಲಸಕ್ಕೆ ಸೇರಿದಾಗ ಒಂದು ಮೇಜನ್ನು ದ್ರಾವಣದಿಂದ ಒರೆಸಿ, ಗಡಿಯಾರ ನೋಡುತ್ತಾ ನಿಲ್ಲುವಂತೆ ಹೇಳುತ್ತೇನೆ. ಹವಾನಿಯಂತ್ರಿತ ಕೋಣೆಯಲ್ಲಿ ಆ ತೆಳುವಾದ ತೇವ ಅಂಚಿನಿಂದ ಒಳಕ್ಕೆ ಸರಿಯುತ್ತಾ ಒಂದೆರಡು ನಿಮಿಷಗಳಲ್ಲೇ ಆರಿಹೋಗುತ್ತದೆ. ಡಬ್ಬಿಯ ಮೇಲೆ ಮಾತ್ರ ಮೇಲ್ಮೈ 10 ನಿಮಿಷ ಒದ್ದೆಯಾಗಿಯೇ ಇರಬೇಕು ಎಂದಿರುತ್ತದೆ. ಅದಕ್ಕೂ ಮೊದಲು ಮಾರ್ಜಕದಿಂದ ಕೊಳೆ ತೆಗೆದಿರಬೇಕು, ಏಕೆಂದರೆ ಕ್ಲೋರಿನ್ ಆಧಾರಿತ ದ್ರಾವಣದ ಶಕ್ತಿ ಉಳಿದ ಕೊಳೆಯ ಮೇಲೆಯೇ ವ್ಯಯವಾಗುತ್ತದೆ. ಅಂದರೆ ತೊಳೆಯುವುದು ಒಂದು ಸುತ್ತು, ಸೋಂಕು ನಿವಾರಿಸುವುದು ಇನ್ನೊಂದು ಸುತ್ತು, ನಡುನಡುವೆ ಮತ್ತೆ ತೇವ ಮಾಡುವ ಕೆಲಸ ಬೇರೆ. ಗುತ್ತಿಗೆಯಲ್ಲಿರುವುದು ಒಂದೇ ಸುತ್ತು. ಗ್ರಾಹಕರಿಗೆ ಔಷಧದ ವಾಸನೆ ಬರುತ್ತದೆ, ಅವರು ತೃಪ್ತರಾಗುತ್ತಾರೆ, ಹಲವು ಸೂಕ್ಷ್ಮಾಣುಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಅವಸರಕ್ಕೆ ಬಲಿಯಾಗುವುದು ಕೆಲಸಗಾರರ ಶ್ವಾಸಕೋಶ. ಯುರೋಪಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸ್ವಚ್ಛತೆಯ ಕೆಲಸ ಮಾಡುವ ಮಹಿಳೆಯರ ಶ್ವಾಸಕೋಶದ ಸಾಮರ್ಥ್ಯ ಇತರ ಮಹಿಳೆಯರಿಗಿಂತ ವೇಗವಾಗಿ ಕುಗ್ಗುತ್ತದೆ ಎಂದು ಕಂಡುಕೊಂಡಿತು. ಕಲೆ ಬೇಗ ಹೋಗಲಿ ಎಂದು ಬ್ಲೀಚ್ ಜೊತೆ ಆಮ್ಲವಿರುವ ಶೌಚಾಲಯದ ದ್ರವವನ್ನು ಬೆರೆಸಿದರೆ ಕ್ಲೋರಿನ್ ಅನಿಲವೇ ಬಿಡುಗಡೆಯಾಗುತ್ತದೆ. ಈ ಅಪಾಯವನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಕೇಳಿಸಿಕೊಂಡವರು ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು, ಅವರ ಜಾಗಕ್ಕೆ ಹೊಸಬರು ಬಂದಿರುತ್ತಾರೆ.

ಕೋವಿಡ್ ಕಾಲದಲ್ಲಿ ನಮ್ಮ ಕೆಲಸಕ್ಕೆ ಗೌರವ ಸಿಕ್ಕಿತು, ಜೊತೆಗೆ ಗೊಂದಲವೂ ಬಂತು. ಕಂಡಕಂಡಲ್ಲೆಲ್ಲ ಸಿಂಪಡಿಸುವುದೇ ಸ್ವಚ್ಛತೆ ಎನಿಸಿಕೊಂಡಿತು. ಕಲುಷಿತ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿದ ಮೇಲೂ ಆ ರೂಢಿ ಹಲವೆಡೆ ನಿಲ್ಲಲಿಲ್ಲ. ಅದೇ ಶ್ರಮವನ್ನು ಬಾಗಿಲ ಹಿಡಿಕೆ, ನಲ್ಲಿ, ಲಿಫ್ಟ್‌ನ ಗುಂಡಿಗಳಿಗೆ ಕೊಟ್ಟಿದ್ದರೆ ಹೊಟ್ಟೆ ಕೆಡಿಸುವ ಸೋಂಕುಗಳ ವಿರುದ್ಧವಾದರೂ ಪ್ರಯೋಜನವಾಗುತ್ತಿತ್ತು.

ಮುಂದಿನ ದಿನಗಳ ಬಗ್ಗೆ ಮಾತು ಬಂದರೆ ಎಲ್ಲರೂ ರೋಬೋಟ್‌ಗಳ ಹೆಸರು ಹೇಳುತ್ತಾರೆ. ಉದ್ದನೆಯ ಮೊಗಸಾಲೆಯ ನೆಲವನ್ನು ಅವು ನಿಜಕ್ಕೂ ಚೆನ್ನಾಗಿ ತೊಳೆಯುತ್ತವೆ. ಮೂಲೆಗಳನ್ನು, ಕುರ್ಚಿಯ ಕಾಲುಗಳ ನಡುವಿನ ಜಾಗವನ್ನು, ಶೌಚಾಲಯವನ್ನು ಬಿಟ್ಟುಬಿಡುತ್ತವೆ. ಅವುಗಳ ತೊಟ್ಟಿಗೆ ನೀರು ತುಂಬಿಸುವುದು, ಕೊಳಕು ನೀರು ಚೆಲ್ಲುವುದು, ಹಿಂಬದಿಯ ರಬ್ಬರ್ ಪಟ್ಟಿ ಒರೆಸುವುದು ಮನುಷ್ಯರೇ. ಯಂತ್ರ ಬಂದ ತಿಂಗಳಲ್ಲೇ ಸಿಬ್ಬಂದಿಯನ್ನು ಇಳಿಸಿದ ಒಂದು ಕಟ್ಟಡದಲ್ಲಿ ನಡುನೆಲ ಹೊಳೆಯುತ್ತಿತ್ತು, ಗೋಡೆಯಂಚಿನಲ್ಲಿ ಕಪ್ಪು ಗೆರೆ ದಪ್ಪವಾಗುತ್ತಿತ್ತು. ಮತ್ತೊಂದೆಡೆ ಯಾರನ್ನೂ ಕೆಲಸದಿಂದ ತೆಗೆಯದೆ, ಉಳಿದ ಸಮಯವನ್ನು ಶೌಚಾಲಯಗಳಿಗೂ ಹೆಚ್ಚು ಮುಟ್ಟುವ ಜಾಗಗಳಿಗೂ ಹಂಚಿದೆವು. ಅಲ್ಲಿ ದೂರುಗಳು ಕಡಿಮೆಯಾದವು. ಜನಸಂಚಾರ ಎಣಿಸುವ ಸಂವೇದಕಗಳ ವಿಷಯದಲ್ಲೂ ನನಗಿರುವ ಆತಂಕ ಇದೇ: ಎಲ್ಲಿ ಹೆಚ್ಚು ಗಮನ ಬೇಕು ಎಂದು ತೋರಿಸುವ ಅಂಕಿಗಳೇ, ಇನ್ನಷ್ಟು ನಿಮಿಷ ಕತ್ತರಿಸಲು ನೆಪವಾಗಬಹುದು.

ಜೀವಕೋಶಗಳಲ್ಲಿರುವ ಎಟಿಪಿ ಎಂಬ ವಸ್ತುವನ್ನು ಅಳೆಯುವ ಮಾಪಕದ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ. ಅದು ವೈರಸ್ಸನ್ನು ಗುರುತಿಸುವುದಿಲ್ಲ. ಮೇಲ್ಮೈಯಲ್ಲಿ ಉಳಿದ ಜೈವಿಕ ಕೊಳೆಯನ್ನು ಬೆಳಕಿನ ಪ್ರಮಾಣವಾಗಿ ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಅವಸರದಲ್ಲಿ ಒರೆಸಿದ ಮೇಜನ್ನೂ ಸಮಯ ಕೊಟ್ಟು ಒರೆಸಿದ ಮೇಜನ್ನೂ ಗ್ರಾಹಕರೆದುರೇ ಅಳೆದಾಗ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಹೊಸ ಗುತ್ತಿಗೆಯ ಕರಡು ಬಂದಾಗ ನಾನೀಗ ಮೊದಲು ಕೇಳುವುದು, ಪ್ರತಿ ಕೆಲಸಕ್ಕೂ ಎಷ್ಟು ನಿಮಿಷ ಎಂಬ ಪಟ್ಟಿಯನ್ನು. ಸೋಂಕುನಿವಾರಕ ಒದ್ದೆಯಾಗಿರಬೇಕಾದ ಅವಧಿಯೂ ಅದರಲ್ಲಿ ಪ್ರತ್ಯೇಕವಾಗಿ ಇರಬೇಕೆಂದು ಒತ್ತಾಯಿಸುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಕಡಿಮೆ ದರ ಕೂಗಿದವರಿಗೆ ಕೆಲಸ ಕೊಡುತ್ತಾರೆ. ಒಪ್ಪಿದ ಕಡೆಗಳಲ್ಲಿ ಸಿಬ್ಬಂದಿ ಹೆಚ್ಚು ಕಾಲ ಉಳಿಯುತ್ತಿದ್ದಾರೆ.