ಕಲಬುರಗಿಯಿಂದ ಹುಮನಾಬಾದಿಗೆ ಸೈಕಲ್: ಎದುರುಗಾಳಿಯ ಒಂದು ದಿನ

ಚಳಿಗಾಲದಲ್ಲಿ ಕಲಬುರಗಿ–ಬೀದರ್ ದಾರಿಯಲ್ಲಿ ಸೈಕಲ್ ತುಳಿಯುವ ಯೋಚನೆ ಇದ್ದರೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬೀದರಿನಿಂದ ಹೊರಡಿ, ಕಲಬುರಗಿಗೆ ಬನ್ನಿ. ನಾವು ಉಲ್ಟಾ ಮಾಡಿದೆವು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಮೂಡಣ ಮತ್ತು ಈಶಾನ್ಯದ ಕಡೆಯಿಂದ ಬೀಸುತ್ತದೆ. ರಸ್ತೆ ಹೋಗುವುದೂ ಅದೇ ಈಶಾನ್ಯಕ್ಕೆ. ಸಾಲದ್ದಕ್ಕೆ ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಬೀದರ್ 700 ಮೀಟರ್ ದಾಟುತ್ತದೆ. ಗಾಳಿಯೂ ಎದುರು, ಏರೂ ಎದುರು. ನಕ್ಷೆಯಲ್ಲಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ನಮ್ಮದು ನಾಲ್ಕು ದಿನದ ಪ್ರವಾಸ, ಒಂಬತ್ತು ಜನ. ಮೊದಲ ದಿನ ಜೇವರ್ಗಿಯಿಂದ ಕಲಬುರಗಿ, ಎರಡನೇ ದಿನ ಹುಮನಾಬಾದ್, ಮೂರನೇ ದಿನ ಬಸವಕಲ್ಯಾಣಕ್ಕೆ ಹೋಗಿ ಬರುವುದು, ನಾಲ್ಕನೇ ದಿನ ಬೀದರ್. ನಾನು ಬರೆಯುತ್ತಿರುವುದು ಎರಡನೇ ದಿನದ್ದು. ಕಷ್ಟವಾಗಿದ್ದೂ ಅದೇ ದಿನ, ಮನಸ್ಸಿನಲ್ಲಿ ಉಳಿದಿದ್ದೂ ಅದೇ ದಿನ.

ಬೆಳಿಗ್ಗೆ ಆರಕ್ಕೆ ಹೊರಡಬೇಕು ಅಂತ ಮಾತಾಗಿತ್ತು. ಹೊರಟಿದ್ದು ಏಳೂಕಾಲಿಗೆ. ಒಬ್ಬರ ಚೈನ್, ಇನ್ನೊಬ್ಬರ ಬಾಟಲಿ, ಮತ್ತೊಬ್ಬರ ಚಹಾ. ಒಂಬತ್ತು ಜನ ಅಂದರೆ ಹೀಗೆಯೇ. ಆದರೆ ಆ ಒಂದೂಕಾಲು ಗಂಟೆ ತುಂಬಾ ದುಬಾರಿ ಬಿತ್ತು. ನಸುಕಿನಲ್ಲಿ ಗಾಳಿ ಇರುವುದಿಲ್ಲ. ಒಂಬತ್ತರ ಮೇಲೆ ಏಳುತ್ತದೆ, ಹನ್ನೊಂದಕ್ಕೆ ಜೋರಾಗುತ್ತದೆ. ಸೈಕಲ್, ಚೀಲ, ನೀರು ಎಲ್ಲ ಹಿಂದಿನ ರಾತ್ರಿಯೇ ಸಿದ್ಧ ಮಾಡಿಟ್ಟು ಮಲಗಿ. ಬೆಳಕು ಹರಿಯುವ ಹೊತ್ತಿಗೆ ಊರು ದಾಟಿರಬೇಕು. ಚಳಿ ಇರುತ್ತದೆ, ಕೈಗವಸು ಬೇಕೇ ಬೇಕು.

ಊರು ಬಿಟ್ಟ ಕೂಡಲೇ ಎರಡೂ ಕಡೆ ತೊಗರಿ ಹೊಲ. ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ (ಈ ಸೀಮೆಯದೇ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತು) ಇರುವುದು ಸುಮ್ನೆ ಅಲ್ಲ. ಆಳೆತ್ತರದ ಗಿಡಗಳು ಕಾಯಿ ತುಂಬಿ ಬಾಗಿದ್ದವು. ನೆಲ ಕರಿ ಎರೆಮಣ್ಣು. ಇದು ರಾಷ್ಟ್ರೀಯ ಹೆದ್ದಾರಿ 50, ಲಾರಿ ಜಾಸ್ತಿ. ಲಾರಿಗಿಂತ ಹುಷಾರಾಗಿರಬೇಕಾದದ್ದು ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ. ಎರಡು ಟ್ರಾಲಿ ಕಟ್ಟಿಕೊಂಡು, ಹಾಡು ಜೋರಾಗಿ ಹಾಕಿಕೊಂಡು ಬರುತ್ತವೆ. ಹಿಂದೆ ದೀಪ ಇರುವುದಿಲ್ಲ, ಹೊರಗೆ ಚಾಚಿದ ಕಬ್ಬು ಭುಜಕ್ಕೆ ತಾಗುವಷ್ಟು ಹತ್ತಿರ ಹೋಗುತ್ತದೆ. ಹಗಲಲ್ಲೂ ಹಿಂದಿನ ಕೆಂಪು ದೀಪ ಹೊತ್ತಿಸಿ. ಹೊಳೆಯುವ ಜಾಕೆಟ್ ಹಾಕಿಕೊಳ್ಳಿ. ಒಬ್ಬರ ಹಿಂದೆ ಒಬ್ಬರು ಹೋಗಿ, ಮಾತಾಡಲು ಜೋಡಿಯಾಗಬೇಡಿ.

ಮಹಾಗಾಂವ ಕ್ರಾಸ್ ಹತ್ತಿರ ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ), ಮಿರ್ಚಿ, ಚಹಾ ಆಯಿತು. ಅಲ್ಲಿಂದ ಸ್ವಲ್ಪ ಮುಂದೆ ನನ್ನ ಹಿಂದಿನ ಚಕ್ರ ಕುಳಿತುಬಿಟ್ಟಿತು. ಜಾಲಿ ಮುಳ್ಳು. ರಸ್ತೆಯ ಬದಿ ಪೂರ್ತಿ ಜಾಲಿ ಇದೆ, ಬೇಲಿಗೆ ಕಡಿದು ಎಳೆದೊಯ್ಯುವಾಗ ಮುಳ್ಳು ಉದುರಿರುತ್ತದೆ. ಮುಳ್ಳು ಕಿತ್ತೆ, ಹೊಸ ಟ್ಯೂಬ್ ಹಾಕಿದೆ, ಗಾಳಿ ತುಂಬಿದೆ. ಎರಡು ಕಿಲೋಮೀಟರ್‌ನಲ್ಲಿ ಮತ್ತೆ ಅದೇ ಕಥೆ. ಈ ಸಲ ಟೈರನ್ನು ಪೂರ್ತಿ ಬಿಚ್ಚಿ, ಒಳಗೆ ಹಳೆ ಬನಿಯನ್ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾ ಬಂದೆ. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಅಕ್ಕಿಕಾಳಿನ ಅರ್ಧದಷ್ಟು ಮುಳ್ಳಿನ ತುದಿ ಮುರಿದು ರಬ್ಬರಿನೊಳಗೇ ಕೂತಿತ್ತು. ಹೊರಗಿನಿಂದ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಚಿಮಟದಿಂದ ತೆಗೆದ ಮೇಲೆ ಬೀದರಿನವರೆಗೂ ತೊಂದರೆ ಆಗಲಿಲ್ಲ. ಹಾಗಾಗಿ ಒಂದು ಚಿಮಟ, ಒಂದು ತುಂಡು ಹತ್ತಿ ಬಟ್ಟೆ ಚೀಲದಲ್ಲಿರಲಿ. ಇನ್ನೊಂದು ವಿಷಯ. ಈ ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ಸಾಮಾನ್ಯ ಸೈಕಲ್ಲಿನ ಟ್ಯೂಬ್ ಸಿಗಬಹುದು. ಸಣ್ಣ ಮೂತಿಯ ವಾಲ್ವ್ ಇರುವ ತೆಳು ಟ್ಯೂಬ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಒಬ್ಬೊಬ್ಬರೂ ಎರಡೆರಡು ಇಟ್ಟುಕೊಳ್ಳಿ.

ಕಮಲಾಪುರ ತಲುಪುವಾಗ ಹನ್ನೊಂದಾಗಿತ್ತು. ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್. ಇಲ್ಲಿ ನಿಲ್ಲದೆ ಹೋಗಲೇಬೇಡಿ. ಕಮಲಾಪುರದ ಕೆಂಪು ಬಾಳೆಗೂ ಜಿಐ ಟ್ಯಾಗ್ ಇದೆ. ದಪ್ಪ, ಕುಳ್ಳಗಿನ ಹಣ್ಣು, ಸಿಪ್ಪೆ ಕಡು ಕೆಂಪು. ಬೇರೆ ಬಾಳೆಗಿಂತ ಬೆಲೆ ಜಾಸ್ತಿ, ಯಾಕೆಂದರೆ ಗೊನೆ ಬರಲು ತಿಂಗಳುಗಟ್ಟಲೆ ಹೆಚ್ಚು ಕಾಯಬೇಕು. ನಾನು ಗಟ್ಟಿಯಾಗಿ ಹೊಳೆಯುವ ಹಣ್ಣನ್ನೇ ಆರಿಸುತ್ತಿದ್ದೆ. ಮಾರುವ ಅವ್ವ ಕೈಯಿಂದ ಕಿತ್ತುಕೊಂಡು, "ಅದು ಒಗರ ಅದ ತಮ್ಮಾ, ಇದು ತಗೋ" ಅಂತ ಮೆತ್ತಗಾಗಿ ಸಿಪ್ಪೆ ಕಪ್ಪಿಗೆ ತಿರುಗಿದ್ದನ್ನು ಕೊಟ್ಟರು. ಜೇನಿನ ಹಾಗಿತ್ತು. ಒಂದು ಹಣ್ಣು ತಿಂದರೆ ಹತ್ತು ಕಿಲೋಮೀಟರ್ ಹಸಿವಾಗುವುದಿಲ್ಲ. ಎರಡು ಡಜನ್ ಕಟ್ಟಿಸಿಕೊಂಡೆವು.

ಕಮಲಾಪುರ ದಾಟಿದ ಮೇಲೆ ಏರು. ಈ ಭಾಗದಲ್ಲಿ ಗುಡ್ಡ ಎಲ್ಲಿದೆ ಅಂತ ಕೇಳುವವರು ಇಲ್ಲಿಗೆ ಬರಬೇಕು. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗಕ್ಕೂ ಇದೇ ಕಡೆ, ಮರಗುತ್ತಿ ಹತ್ತಿರ, ಸುರಂಗ ಕೊರೆಯಬೇಕಾಯಿತು. ನಾವು ತಪ್ಪು ಮಾಡಿದ್ದೂ ಇಲ್ಲಿಯೇ. ಗಟ್ಟಿಗರು ಮುಂದೆ ಹೋದರು. ನಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗಿ ಹಿಂದೆ ಬಿದ್ದಳು. ಅವಳಿಗೆ ಇದು ಮೊದಲ ದೊಡ್ಡ ಪ್ರವಾಸ. ಕಿಣ್ಣಿ ಸಡಕ್ ಎಂಬ ಊರಿನಲ್ಲಿ ನಿಂತು ಎಣಿಸಿದಾಗ ಎಂಟೇ ಜನ. ಫೋನ್ ಹೋಗುತ್ತಿಲ್ಲ. ಇಬ್ಬರು ವಾಪಸ್ ಹೋದೆವು. ನಾಲ್ಕು ಕಿಲೋಮೀಟರ್ ಹಿಂದೆ ಬೇವಿನ ಮರದ ಕೆಳಗೆ ಕೂತಿದ್ದಳು, ನೀರು ಮುಗಿದಿತ್ತು, ಕಣ್ಣಲ್ಲಿ ನೀರಿತ್ತು. ಆ ಮುಖ ನಾನು ಮರೆಯುವುದಿಲ್ಲ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು, ನೀವು ಮೊದಲ ದಿನದಿಂದಲೇ ಮಾಡಿಕೊಳ್ಳಿ. ನಿಧಾನ ಹೋಗುವವರು ಗಾಳಿಯ ಮರೆಯಲ್ಲಿ ಎರಡನೇ ಅಥವಾ ಮೂರನೇ ಜಾಗದಲ್ಲಿ ಇರಬೇಕು. ಮುಂದಿನವರು ಹತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ಕೊನೆಯಲ್ಲಿ ಅನುಭವಸ್ಥರು ಒಬ್ಬರು, ಅವರ ಹತ್ತಿರ ಪಂಪು ಮತ್ತು ಹೆಚ್ಚಿನ ನೀರು. ನಮ್ಮಲ್ಲಿ ಆ ಕೆಲಸವನ್ನು 58 ವರ್ಷದ ಮೇಷ್ಟ್ರು ವಹಿಸಿಕೊಂಡರು. ಮುಂದಿನ ಎರಡು ದಿನ ಯಾರೂ ತಪ್ಪಿಹೋಗಲಿಲ್ಲ.

ಆ ದಿನ ಎಳ್ಳ ಅಮಾವಾಸ್ಯೆ, ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ನಾವು ಪಂಚಾಂಗ ನೋಡಿರಲಿಲ್ಲ. ಖಾನಾವಳಿಗಳು ಮುಚ್ಚಿದ್ದವು, ಜನರೆಲ್ಲ ಹೊಲದಲ್ಲಿ. ಎತ್ತಿನ ಗಾಡಿ, ಟಂಟಂ, ಬೈಕು, ಎಲ್ಲದರಲ್ಲೂ ಬುತ್ತಿ ಗಂಟು. ಎರಡು ಗಂಟೆಗೆ ಹಸಿವಿನಿಂದ ಕಾಲು ತುಳಿಯದ ಹಾಗಾದಾಗ ಹೊಲದಿಂದ ಒಬ್ಬ ಕಾಕಾ ಕೈ ಬೀಸಿದರು. "ಯಾಕ ಇಷ್ಟ ಅವಸರ ಮಾಡ್ಲತ್ತೀರಿ? ಉಂಡು ಹೋಗ್ರಿ." ಒಂಬತ್ತು ಜನ ಇದ್ದೇವೆ ಅಂದೆ. "ಇರ್ಲಿ ಬರ್ರಿ, ಬುತ್ತಿ ಭಾಳ ಅದ" ಅಂದರು.

ಜೋಳದ ಬೆಳೆಯ ನಡುವೆ ಪಾಂಡವರೆಂದು ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದ್ದರು. ಚರಗ, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚೆಲ್ಲುವುದು, ಆಗಿತ್ತು. ಸಜ್ಜೆ ರೊಟ್ಟಿ, ಅದರ ಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ ಇದು. ಹಸಿ ತೊಗರಿಕಾಳು, ಕಡಲೆ, ಅವರೆ, ಮೆಂತ್ಯ, ಬದನೆ ಎಲ್ಲ ಸೇರಿಸಿ ಹುಣಸೆ ಹುಳಿ ಹಾಕಿ ಕುದಿಸಿದ್ದು. ಮೇಲೆ ಮಡಿಕೆಯಿಂದ ತಣ್ಣನೆ ಅಂಬಲಿ. ಅಳುತ್ತಿದ್ದ ಹುಡುಗಿಯ ತಟ್ಟೆಗೆ ಆ ಮನೆಯ ಅಜ್ಜಿ ಕೇಳದೇ ಎರಡನೇ ಶೇಂಗಾ ಹೋಳಿಗೆ ಇಟ್ಟರು. ದುಡ್ಡು ಕೊಡುವ ಮಾತು ಎತ್ತಲೇಬೇಡಿ, ನೊಂದುಕೊಳ್ಳುತ್ತಾರೆ. ನಾವು ಕಮಲಾಪುರದ ಬಾಳೆಹಣ್ಣು ಮಕ್ಕಳ ಕೈಗೆ ಕೊಟ್ಟೆವು. ಚೀಲದಲ್ಲಿ ಹಂಚುವುದಕ್ಕೆ ಏನಾದರೂ ಇಟ್ಟುಕೊಂಡೇ ಹೋಗಿ. ಹಬ್ಬದ ದಿನ ಹೋಗುವುದಾದರೆ ನಿಮ್ಮ ಊಟವನ್ನೂ ಕಟ್ಟಿಕೊಳ್ಳಿ. ನಮಗೆ ಸಿಕ್ಕ ಹಾಗೆ ಸಿಗುತ್ತದೆ ಅಂತ ಲೆಕ್ಕ ಹಾಕಿ ಹೊರಡುವುದು ಸರಿಯಲ್ಲ, ಅಲ್ವಾ?

ಊಟದ ಮೇಲೆ ಒಂದು ಗಂಟೆ ಮಲಗಿದೆವು. ಸಂಜೆಗೆ ಗಾಳಿ ತಗ್ಗಿತು, ಕೊನೆಯ ಕಿಲೋಮೀಟರುಗಳು ಹಗುರಾದವು. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ ಅಡ್ಡ ಬರುತ್ತದೆ. ಕತ್ತಲಾದ ಮೇಲೆ ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡೇ ದಾಟಿ. ನಮ್ಮ ಮೀಟರಿನಲ್ಲಿ ಆ ದಿನ 67 ಕಿಲೋಮೀಟರ್ ಆಗಿತ್ತು. ಒಂದು ದಿನಕ್ಕೆ ಅಷ್ಟು ಸಾಕು. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಗುಡಿ ಇದೆ, ಗೋಡೆಯ ಮೇಲೆ ಶಾಸನ ಬರೆಯುತ್ತಾ ನಿಂತ ಶಿಲಾಬಾಲಿಕೆ ಇದ್ದಾಳೆ. ಅದೇ ಸಂಜೆ ಹೋಗುವ ಆಸೆ ಇತ್ತು, ಆಗಲಿಲ್ಲ. ಅವಳಿಗೆ ಬೆಳಗಿನ ಹೊತ್ತು ಬೇರೆಯಾಗಿ ಎತ್ತಿಡಿ.

ಬೀದರಿನಿಂದ ಶುರು ಮಾಡುವವರಿಗೆ ಇದೆಲ್ಲ ಮೂರನೇ ದಿನ ಬರುತ್ತದೆ, ಇಳಿಜಾರಿನಲ್ಲಿ, ಬೆನ್ನಿಗೆ ಗಾಳಿ ಇಟ್ಟುಕೊಂಡು. ಆಗ ಕಮಲಾಪುರಕ್ಕೆ ಬೆಳಿಗ್ಗೆ ಹತ್ತರೊಳಗೆ ಬರುತ್ತೀರಿ. ಹಣ್ಣು ಆರಿಸುವುದನ್ನು ಮಾರುವವರಿಗೇ ಬಿಟ್ಟುಬಿಡಿ.