ಹತ್ತು ಗಂಟೆಯ ಹಡಗು

ಪ್ಯಾಂಪ್ಲೆಟ್‌ನಲ್ಲಿ ಒಂದು ತಲೆಬುರುಡೆ, ಎರಡು ಅಡ್ಡ ಎಲುಬು, ಕೆಳಗೆ ದಪ್ಪಕ್ಷರದಲ್ಲಿ ‘ಬೆಳಿಗ್ಗೆ 10ಕ್ಕೆ ಕಡಲ್ಗಳ್ಳರ ಹಡಗು’. ಬುರುಡೆ ನಮ್ಮ ಮಾಲೀಕರ ಐಡಿಯಾ. 10 ಅಂತ ಹಾಕಿದವನು ನಾನು.

ಗಂಗಾವತಿಯ ಒಂದು ಟ್ರಾವೆಲ್ಸ್‌ನಲ್ಲಿ ನಾನು ಟೂರ್ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್ ಅಷ್ಟೆ. ರೂಮಿಂಗ್ ಲಿಸ್ಟ್, ಡ್ರೈವರ್ ಬಾಟಾ, ಅರಬೈಲ್ ಘಟ್ಟದಲ್ಲಿ ವಾಂತಿ ಮಾಡುವವರಿಗೆ ನಿಂಬೆಹಣ್ಣು, ಎಲ್ಲ ನನ್ನ ತಲೆ ಮೇಲೆ. ಕಾರವಾರದಲ್ಲಿ ಒಬ್ಬ ಬೋಟಿನ ಮಾಲೀಕ ತನ್ನ ಟೂರಿಸ್ಟ್ ಬೋಟಿಗೆ ಕರಿ ಬಾವುಟ ಕಟ್ಟಿ, ರಟ್ಟಿನ ತೋಪು ಇಟ್ಟು, ಮೂವರು ಹುಡುಗರ ಕಣ್ಣಿಗೆ ಪಟ್ಟಿ ಹಾಕಿ ನಿಲ್ಲಿಸಿದ್ದ. ಕಾಳಿ ನದಿಯ ಜೆಟ್ಟಿಯಿಂದ, ನದಿ ಕಡಲು ಸೇರೋ ಅಳಿವೆವರೆಗೆ ಹೋಗಿ ಬರೋದು, ನಡುವೆ ಒಂದು ‘ದಾಳಿ’, ಕೊನೆಗೆ ಪೆಟ್ಟಿಗೆ ತೆರೆದರೆ ಮಕ್ಕಳಿಗೆ ಚಾಕಲೇಟ್. ಫ್ಯಾಮಿಲಿ ಪ್ಯಾಕೇಜ್‌ಗೆ ಹೇಳಿ ಮಾಡಿಸಿದಂಗಿತ್ತು.

ಕಾಮೆಂಟ್ರಿ ಬರೆಯೋಕೆ ನನಗೇ ಹೇಳಿದರು. ನಾನು ಹೊನ್ನಾವರದ ತಿಮ್ಮಯ್ಯನ ಕಥೆ ಬರೆದೆ. ವಿಜಯನಗರದ ಕಾಲದವನು, ಪೋರ್ಚುಗೀಸರ ಬರಹದಲ್ಲಿ ತಿಮೋಜ ಆಗಿರುವವನು. ಬೇರೆ ಬಂದರಿಗೆ ಹೊರಟ ಕುದುರೆ ಹಡಗುಗಳನ್ನು ಅಡ್ಡಗಟ್ಟುತ್ತಿದ್ದ, 1510ರಲ್ಲಿ ಗೋವಾ ಹಿಡಿಯೋಕೆ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಜೊತೆಯಾದ. ಆನೆಗುಂದಿ ಪಕ್ಕದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಡಲ್ಗಳ್ಳ ಎಲ್ಲಿ ಸಿಗಬೇಕು? ಮಾಲೀಕರು ಓದಿ, ‘ತಿಮ್ಮಯ್ಯ ಅಂದ್ರ ಯಾರ್ ಬುಕಿಂಗ್ ಮಾಡ್ತಾರಪಾ’ ಅಂದರು. ಕೆರಿಬಿಯನ್ ಅಂತ ತಿದ್ದಿಸಿದರು.

ಮೊದಲ ಭಾನುವಾರ ಎಲ್ಲ ಬೆಣ್ಣೆಯಂತೆ ನಡೀತು. ಅದು ಅಮಾವಾಸ್ಯೆಯ ಮರುದಿನ ಅನ್ನೋದು ಆಗ ನನ್ನ ತಲೆಯಲ್ಲೇ ಇರಲಿಲ್ಲ. ಮುಂದಿನ ಭಾನುವಾರದ ಬ್ಯಾಚಿಗೆ ಅದೇ ಬೋಟ್ ಬುಕಿಂಗ್ ವೌಚರ್ ಕಾಪಿ ಮಾಡಿ ತಾರೀಖು ಬದಲಿಸಿದೆ. ಟೈಮ್ 10ಕ್ಕೇ ಬಿಟ್ಟೆ.

ನಲವತ್ತೊಂದು ಪ್ಯಾಕ್ಸ್, ಅಂದ್ರೆ ಅಷ್ಟು ಜನ ಪ್ರವಾಸಿಗರು. ಜೆಟ್ಟಿಯಲ್ಲಿ ಬೋಟು ನಡೆಸುವವರು, ವಯಸ್ಸಾದ ಮನುಷ್ಯ, ನೀರು ನೋಡಿ, ‘ಇಳಿತ ಉಂಟು, ಸ್ವಲ್ಪ ತಡ ಮಾಡುವಾ’ ಅಂದರು. ನನಗೆ ಒಂದಕ್ಕೆ ಊಟ, ಆಮೇಲೆ ದಡದ ಮೇಲಿರೋ ಹಳೇ ಯುದ್ಧನೌಕೆ ಐಎನ್‌ಎಸ್ ಚಪಲ್ ತೋರಿಸಬೇಕು, ರಾತ್ರಿಯೊಳಗೆ ಹುಬ್ಬಳ್ಳಿ ದಾಟಬೇಕು. ‘ಇಷ್ಟು ನೀರು ಐತಲ್ರೀ, ನಡೀರಿ’ ಅಂದೆ. ಅವರು ಮರುಮಾತಾಡದೆ ಮಾಲೀಕನಿಗೆ ಫೋನ್ ಮಾಡಿದರು. ಅವನೂ ಹೊರಡು ಅಂದ.

ಅಳಿವೆ ಹತ್ತಿರ ಬೋಟು ನಿಂತಿತು. ಢಿಕ್ಕಿ ಇಲ್ಲ, ಸಪ್ಪಳ ಇಲ್ಲ. ಭತ್ತದ ಗದ್ದೆ ಕೆಸರಿಗೆ ಟ್ರ್ಯಾಕ್ಟರ್ ಇಳಿದಂಗೆ ಮೆತ್ತಗೆ ಕೂತುಬಿಡ್ತು. ಎಂಜಿನ್ ದನಿ ಬದಲಾಯ್ತು, ಹಿಂದೆ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ಮಕ್ಕಳು ಇದೂ ಆಟದ ಭಾಗ ಅಂದುಕೊಂಡು ಹೋ ಅಂತ ಕೂಗಿದರು. ಕಡಲ್ಗಳ್ಳರಲ್ಲಿ ಒಬ್ಬ ಕಣ್ಣಿನ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಗ ನನ್ನ ಹೊಟ್ಟೆಯೊಳಗೆ ಏನೋ ಜಾರಿತು.

ಅವನು ನೀರಿಗೆ ಧುಮುಕಿದ. ತೊಡೆಮಟ್ಟ ನೀರು. ಹಡಗು ದೋಚಬೇಕಾದವನು ಹಡಗು ತಳ್ಳುತ್ತಾ ನಿಂತ. ಅಷ್ಟರಲ್ಲಿ ಬೋಟು ಒಂದು ಕಡೆ ವಾಲಿತು. ಬಾಳ ಏನಲ್ಲ, ನೀರಿನ ಬಾಟಲಿ ಉರುಳುವಷ್ಟು. ನನ್ನ ಕಣ್ಣು ಬೆಂಚಿನ ಕೆಳಗೆ ಹೋಯ್ತು. ಮಕ್ಕಳ ಲೈಫ್ ಜಾಕೆಟ್ ಅಲ್ಲಿ ರಾಶಿ ಬಿದ್ದಿದ್ದವು. ಗ್ರೂಪ್ ಫೋಟೋದಲ್ಲಿ ಬುರುಡೆಯ ಟೀಶರ್ಟ್ ಮುಚ್ಚಿಹೋಗ್ತದ ಅಂತ ಬಿಚ್ಚಿಸಿದವನು ನಾನೇ. ಬೋಟಿನ ಹುಡುಗ ಬ್ಯಾಡ ಅಂದಿದ್ದ, ‘ಎರಡು ನಿಮಿಷ’ ಅಂದಿದ್ದೆ.

ಒಂದೊಂದೇ ಹಾಕಿಸುತ್ತಾ ಎಣಿಸಿದೆ. ಬಕಲ್ ಕೈಗೆ ಸಿಗುತ್ತಿಲ್ಲ. ನಲವತ್ತು. ಮತ್ತೆ ಎಣಿಸಿದೆ. ನಲವತ್ತು. ಯಾರನ್ನೂ ಕೇಳೋ ಧೈರ್ಯ ಬರಲಿಲ್ಲ. ಕೇಳಿದರೆ ಎಲ್ಲ ತಾಯಂದಿರು ಒಮ್ಮೆಲೇ ಏಳುತ್ತಾರೆ, ಬೋಟು ಇನ್ನಷ್ಟು ವಾಲುತ್ತದೆ. ನೀರಿನ ಕಡೆ ನೋಡಿದೆ, ನೋಡಬಾರದು ಅನ್ನಿಸಿತು, ಮತ್ತೆ ನೋಡಿದೆ. ಮೂರನೇ ಸಲ ಮುಖ ನೋಡಿ ಎಣಿಸಿದಾಗ ಗೊತ್ತಾಯ್ತು. ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ರಟ್ಟಿನ ಕತ್ತಿ ಹಿಡಿದು, ತೋಪಿನ ಪಕ್ಕ ಕೂತ ಹದಿಮೂರರ ಹುಡುಗನನ್ನು ಎರಡು ಸಲವೂ ಕಳ್ಳರ ಲೆಕ್ಕಕ್ಕೆ ಹಾಕಿದ್ದೆ. ಅವನಿಗೂ ಜಾಕೆಟ್ ಇರಲಿಲ್ಲ.

ನೀರು ಏರೋವರೆಗೆ ಎರಡು ತಾಸು ಅಲ್ಲೇ. ಬೋಟಿನ ಹಿರಿಯರು ಬೈಯಲಿಲ್ಲ, ಅದೇ ನನಗೆ ಚುಚ್ಚಿತು. ಬೀಡಿ ಹಚ್ಚಿ, ಭರತಿ, ಅಂದ್ರೆ ಕಡಲು ತುಂಬೋ ಹೊತ್ತು, ದಿನಾ ಮುಕ್ಕಾಲು ತಾಸಿನ ಮೇಲೆ ತಡ ಆಗ್ತದೆ ಅಂದರು. ವೌಚರ್ ಹಿಂದೆ ಲೆಕ್ಕ ಹಾಕಿದೆ. ದಿನಕ್ಕೆ ಸುಮಾರು 50 ನಿಮಿಷ, ಏಳು ದಿನಕ್ಕೆ ಹತ್ತಿರ ಹತ್ತಿರ ಆರು ತಾಸು. ಹೋದ ಭಾನುವಾರ 10ಕ್ಕೆ ತುಂಬಿದ್ದ ನೀರು ಈ ಭಾನುವಾರ 10ಕ್ಕೆ ಇಳಿಯಲೇಬೇಕು. ಕ್ಯಾಲೆಂಡರ್‌ನಲ್ಲಿ ಅಷ್ಟಮಿ ಅಂತ ಕಣ್ಣಿಗೆ ಹೊಡೆಯೋ ಹಾಗೆ ಇತ್ತು. ನಮಗೆ ನೀರು ಅಂದರೆ ತುಂಗಭದ್ರಾ ಡ್ಯಾಂ, ಪೇಪರಿನಲ್ಲಿ ಒಳಹರಿವು ಹೊರಹರಿವು. ಏರಿದರೆ ಮಳೆ, ಇಳಿದರೆ ಕಾಲುವೆ. ದಿನಕ್ಕೆ ಎರಡು ಸಲ ತಾನೇ ಏರಿ ತಾನೇ ಇಳಿಯೋ ನೀರಿಗೆ ನಾನು ಬಸ್ ಟೈಮಿಂಗ್ ಹಾಕಿದ್ದೆ.

ಮಕ್ಕಳು ಬೇಸತ್ತಾಗ ಕೆರಿಬಿಯನ್ ಹಾಳೆ ಮಡಚಿಟ್ಟು ತಿಮ್ಮಯ್ಯನ ಕಥೆ ಹೇಳಿದೆ. ಒದ್ದೆ ಚಡ್ಡಿಯಲ್ಲಿ ನಡುಗುತ್ತಿದ್ದ ಕಡಲ್ಗಳ್ಳನೂ ಬಂದು ಕೂತ. ದೊಡ್ಡವರು ಅರ್ಧ ಜನ ಊಟ ಎಷ್ಟೊತ್ತಿಗೆ ಅಂತಲೇ ಕೇಳುತ್ತಿದ್ದರು.

ವಾಪಸ್ ಬಂದು ಇಟಿನರರಿಯಲ್ಲಿ ‘ಭರತಿ ಟೈಮ್’ ಅಂತ ಒಂದು ಕಾಲಂ ಸೇರಿಸಿದೆ. ಜಾಕೆಟ್ ಬಿಚ್ಚಿಸಿ ಫೋಟೋ ಇಲ್ಲ ಅಂತ ಗ್ರೂಪಿಗೂ ಹಾಕಿದೆ. ಮಾಲೀಕರು ಜಾಕೆಟ್ ಮಾತಿಗೆ ಒಪ್ಪಿದರು. ಕಾಲಂಗೆ ಮಾತ್ರ, ‘ವಾರಕ್ಕೊಂದ್ ಟೈಮ್ ಅಂದ್ರ ಗಿರಾಕಿಗೆ ಹೆಂಗ್ ತಿಳೀತದ’ ಅಂತ ಕೆಂಪು ಗೆರೆ ಎಳೆದರು. ಮೊನ್ನೆ ಪ್ರೆಸ್‌ನಿಂದ ಹೊಸ ಕಟ್ಟು ಬಂತು. ಬುರುಡೆ ಇನ್ನೂ ದೊಡ್ಡದಾಗಿದೆ, 10 ಹಾಗೇ ಇದೆ. ಬಾಲ್‌ಪೆನ್ ಹಿಡಿದು ಒಂದೊಂದಾಗಿ ತಿದ್ದುತ್ತಾ ಕೂತಿದ್ದೀನಿ, ಇನ್ನೂರಾಗಿವೆ.