ತೋಡಿನ ಸದ್ದು

2018ರ ಆಗಸ್ಟ್ ಕೊನೆಯ ವಾರಕ್ಕೆ ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ರೂಮು ಹಿಡಿದಿದ್ದೆವು. ಮಳೆಗಾಲದ ಕೊಡಗು ನೋಡಬೇಕೆಂಬುದು ನನ್ನ ಬಹಳ ದಿನದ ಆಸೆ. ಆಗಸ್ಟ್ ಮಧ್ಯದಲ್ಲಿ ಗುಡ್ಡಗಳು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಎಂದು ದಿನವಿಡೀ ಟಿವಿಯಲ್ಲಿ. ಸಂಪಾಜೆ ಘಾಟಿ ಬಂದಾಯಿತು. ಹೋಂಸ್ಟೇ ಆಂಟಿಯ ಫೋನು ಮೂರು ದಿನ ಸಿಗಲಿಲ್ಲ. ನಾಲ್ಕನೇ ದಿನ ಅವರೇ ಮಾಡಿದರು. "ಮನೆ ನಿಂತಿದೆ, ನಾವೂ ಇದ್ದೇವೆ. ಈಗ ಬರಬೇಡಿ, ದಸರಾ ಕಳೀಲಿ. ಆದ್ರೆ ಬನ್ನಿ."

ದಿನ ಬದಲಿಸಲು ಆಂಟಿ ಒಪ್ಪಿದರೂ ಬುಕಿಂಗ್ ಮಾಡಿಸಿಕೊಂಡ ಕಂಪನಿ ಒಪ್ಪಲಿಲ್ಲ. ದಾರಿಯೇ ಇಲ್ಲದ ಕಡೆಗೆ ಹೇಗೆ ಹೋಗಲಿ ಎಂದರೆ, ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಒಂದೇ ಉತ್ತರ. ಆ ಹಣ ನಮಗೂ ಇಲ್ಲ, ಆಂಟಿಗೂ ಇಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಕಡೆ ಹೊರಟವರು ಮನೆಯವರಿಗೇ ನೇರವಾಗಿ ಫೋನು ಮಾಡಿ, ಮುಂಗಡ ಅವರಿಗೇ ಕಳಿಸಿ.

ಅಕ್ಟೋಬರ್ ಕೊನೆಗೆ ಹೊರಟೆವು. ಮೈಸೂರಿನಿಂದ ಹುಣಸೂರು, ಕುಶಾಲನಗರ, ಸುಂಟಿಕೊಪ್ಪ, ದಾರಿಯುದ್ದಕ್ಕೂ ಹಸಿರು. ಕೊಡಗೇ ಮುಗಿದುಹೋಯಿತು ಎಂದು ಟಿವಿ ನಂಬಿಸಿತ್ತು! ಆಂಟಿಯ ಅಂಗಳದಲ್ಲಿ ನಿಂತಾಗ ಮಾತ್ರ ಎದುರಿನ ಗುಡ್ಡದಲ್ಲಿ ನೆತ್ತಿಯಿಂದ ಬುಡದವರೆಗೆ ಕೆಂಪು ಮಣ್ಣಿನ ಪಟ್ಟೆ ಕಂಡಿತು. ಅಲ್ಲಿ ಕಾಫಿ ತೋಟ ಇತ್ತಂತೆ.

ರಾತ್ರಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿದ ಪಂದಿಕರಿ, ಎಂದರೆ ಹಂದಿ ಮಾಂಸದ ಸಾರು. ಮಡಿಕೇರಿ ಪೇಟೆಯ ಹೋಟೆಲುಗಳಲ್ಲಿ ಈ ಹೆಸರಿನಲ್ಲಿ ಬಡಿಸುವುದನ್ನು ನಾನಿನ್ನು ಮುಟ್ಟಲಾರೆ. ಊಟದ ಮೇಲೆ ಗುಡುಗು ಸಹಿತ ಮಳೆ ಹಿಡಿಯಿತು.

ಎರಡು ಗಂಟೆಗೆ ಎಚ್ಚರವಾಗಿ ಹೊರಗೆ ಬಂದರೆ, ಆಂಟಿ ಜಗಲಿಯಲ್ಲಿ ಶಾಲು ಹೊದ್ದು ಕೂತಿದ್ದರು. ತೊಡೆಯ ಮೇಲೆ ಟಾರ್ಚು.

"ಮಲಗಲಿಲ್ವಾ ಆಂಟಿ?"

"ತೋಡಿನ ಸದ್ದು ಕೇಳ್ತಾ ಇದ್ದೇನೆ."

ಮನೆಯ ಹಿಂದೆ ಸಣ್ಣ ತೋಡು, ಹಳ್ಳ. ನಾನು ಹಗಲು ಅದರ ಫೋಟೋ ತೆಗೆದಿದ್ದೆ, ಅಷ್ಟೇ.

"ನೀರು ಜಾಸ್ತಿಯಾದ್ರೆ ಹೆದರಿಕೆನಾ?" ಎಂದೆ.

"ಜಾಸ್ತಿಯಾದ್ರೆ ಸದ್ದು ಇರ್ತದಲ್ಲ. ಇಷ್ಟು ಮಳೆ ಬರ್ತಾ ಇದ್ದು ಸದ್ದು ನಿಂತ್ರೆ ಹೆದರಿಕೆ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರನ್ನ ಕಟ್ಟಿ ಹಾಕಿದೆ ಅಂತ. ಅದು ಒಡೆದ್ರೆ ಒಟ್ಟಿಗೇ ಬರ್ತದೆ. ಆವತ್ತು ಆ ಕಡೆ ತೋಡು ಹಾಗೇ ನಿಂತಿತ್ತು. ನೀರು ಕೆಂಪಾಗಿತ್ತು, ಆಮೇಲೆ ಇಲ್ಲವೇ ಇಲ್ಲ. ನೋಡಿದವರು ಓಡಿದ್ರು."

ನಾನು ಪಕ್ಕದಲ್ಲಿ ಕೂತೆ. ನಾಳೆ ಮಾಂದಲ್‌ಪಟ್ಟಿ ಗುಡ್ಡ, ಆಮೇಲೆ ಜೋಡುಪಾಲದ ಕಡೆ ಹೋಗಿಬರುವ ಯೋಚನೆ ಇದೆ ಎಂದು ಹೇಳಿಬಿಟ್ಟೆ. ಆಂಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಜೋಡುಪಾಲದಲ್ಲಿ ಏನು ನೋಡ್ತೀರಿ? ಕಾರು ನಿಲ್ಲಿಸಿ ಫೋಟೋ ತೆಗೆಯೋರು ತುಂಬ ಜನ ಬರ್ತಾರೆ. ಒಂದು ಲೋಟ ಕಾಫಿನೂ ಕುಡಿಯದೆ ಹೋಗ್ತಾರೆ. ನಮ್ಮಲ್ಲಿ ಡಿಸೆಂಬರ್‌ವರೆಗೆ ಎಲ್ಲಾ ಕ್ಯಾನ್ಸಲ್. ಅಡುಗೆಯವಳಿಗೆ, ಜೀಪಿನ ಹುಡುಗನಿಗೆ ನಾನೇನು ಕೊಡಲಿ? ಕಕ್ಕಬೆ ಕಡೆ ಹೋಗಿ. ಅಲ್ಲಿ ಎಲ್ಲಾ ಚೆನ್ನಾಗಿದೆ, ಆದ್ರೂ ಯಾರೂ ಬರ್ತಿಲ್ಲ."

ಮಳೆ ಕಡಿಮೆಯಾಗುವವರೆಗೂ ಇಬ್ಬರೂ ಕೂತಿದ್ದೆವು. ಮಾತು ನಡುವೆ ನಿಲ್ಲಿಸಿ ಅವರು ಕಿವಿಗೊಡುತ್ತಿದ್ದರು, ನಾನೂ ಕಿವಿಗೊಡುತ್ತಿದ್ದೆ.

ಬೆಳಿಗ್ಗೆ ಆ ಜೀಪಿನ ಹುಡುಗನನ್ನೇ ಕರೆದುಕೊಂಡು ಕಕ್ಕಬೆಗೆ ಹೋದೆವು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಲ್ಲಿ ನಾವಿಬ್ಬರೇ. ಹಿಂದೆ 1748 ಮೀಟರಿನ ತಡಿಯಂಡಮೋಳ್ ಬೆಟ್ಟ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹತ್ತುವ ಬದಲು ಸಿಕ್ಕ ಅಂಗಡಿಯಲ್ಲೆಲ್ಲ ಕಾಫಿ ಕುಡಿದೆವು, ಜೇನು, ಕರಿಮೆಣಸು ಕೊಂಡೆವು, ಕತ್ತಲಾಗುವಷ್ಟರಲ್ಲಿ ಮನೆಗೆ ಬಂದೆವು. ಎರಡು ದಿನ ಎಂದು ಬಂದವರು ನಾಲ್ಕು ದಿನ ಉಳಿದೆವು. ಎರಡನೇ ರಾತ್ರಿ ಮಳೆ ಇರಲಿಲ್ಲ. ಆದರೂ ಮಲಗುವ ಮುಂಚೆ ಹಿಂದಿನ ಕಿಟಕಿ ತೆರೆದಿಟ್ಟೆ.